ಮೂರು ಕಸಿ, ಹತ್ತು ದಿನ

ಮಾರ್ತಾಂಡರಾಯರು ತೀರಿಕೊಂಡ ಮೂರನೆಯ ದಿನ ಕೃಷ್ಣಾಬಾಯಿ ಮೂಲೆಯ ಚಾಪೆಯ ಮೇಲೆ ಕೂತು ಗಂಡನಿಗಾಗಿ ಅಳುತ್ತಿದ್ದಳೋ, ಹಿತ್ತಲಿನ ಮೂರು ಕುಂಡಗಳಿಗಾಗಿ ಚಡಪಡಿಸುತ್ತಿದ್ದಳೋ, ಅವಳಿಗೇ ತಿಳಿಯುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಗಿಡದ ಚಿಂತೆಯೇ ಎಂದು ಮಾತಾಡಿಸಲು ಬಂದವರು ಹುಬ್ಬೇರಿಸಬಹುದು. ಏರಿಸಲಿ. ಅವರ ಮನೆಯ ಹಿತ್ತಲಲ್ಲಿ ಗೋದಾ ನೆಟ್ಟ ಮರ ಇರಲಿಲ್ಲವಲ್ಲ.

ಗೋದಾ ಅವಳ ಮೊದಲ ಮಗಳು. ರಾಯರು ಧಾರವಾಡದಿಂದ ಪುಣೆಗೆ ಗುಮಾಸ್ತಿಕೆಗೆ ಬಂದು, ಶನಿವಾರ ಪೇಟೆಯ ಈ ವಾಡೆಯಲ್ಲಿ ಒಂದು ಭಾಗ ಬಾಡಿಗೆಗೆ ಹಿಡಿದಿದ್ದರು. ಐದು ವರ್ಷದ ಗೋದಾ ಒಂದು ಬೇಸಿಗೆಯಲ್ಲಿ ಮಾವಿನ ವಾಟೆಯನ್ನು ಹಿತ್ತಲಲ್ಲಿ ಹೂತು, ಮೊಳೆತಿದೆಯೇ ಎಂದು ದಿನಾ ಕೆದರಿ ನೋಡುತ್ತಿದ್ದಳು. ಅವಳ ಕಾಟ ತಾಳಿಯೂ ಅದು ಮೊಳೆಯಿತು. ಮರುವರ್ಷ ಇನ್‌ಫ್ಲುಯೆಂಜಾ ಬಂದು ಪೇಟೆಯ ಮನೆಮನೆಯಿಂದ ಹೆಣ ಹೊರಟಾಗ ಗೋದಾನೂ ಹೋದಳು. ಮರ ಬೆಳೆಯಿತು. ಹಣ್ಣು ಬರೇ ಹುಳಿ, ನಾರು ಬೇರೆ. ಕೃಷ್ಣಾಬಾಯಿ ಮಾತ್ರ ಹತ್ತೊಂಬತ್ತು ವರ್ಷ ಅದರ ಕೆಳಗೆ ಯಾರಿಗೂ ಎಂಜಲು ಚೆಲ್ಲಗೊಡಲಿಲ್ಲ.

ಈ ವರ್ಷ ವಾಡೆಯ ಮಾಲಕನಿಗೆ ಹಿತ್ತಲಲ್ಲಿ ನಾಲ್ಕು ಖೋಲಿ ಕಟ್ಟಿಸುವ ಉಮೇದು ಬಂತು. ದೀಪಾವಳಿ ಮುಗಿದು ತುಲಸಿ ಲಗ್ನದ ಮರುದಿನ ಮರ ಕಡಿಸುವುದಾಗಿ ಹೇಳಿಬಿಟ್ಟ. ಅದೇ ಮರದ ವಾಟೆ ಬೇರೆಲ್ಲಾದರೂ ನೆಟ್ಟರಾಯಿತು ಎಂದು ಮಗ ಶ್ಯಾಮ ಅಂದ. ವಾಟೆಯಿಂದ ಬರುವುದು ಬೇರೆ ಮರ, ಇದೇ ಮರ ಬೇಕಾದರೆ ಕಸಿ ಕಟ್ಟಬೇಕು ಎಂದು ರಾಯರು ತಿಳಿಸಿ ಹೇಳಿದರು.

ಶ್ರಾವಣದಲ್ಲಿ ಅವರು ಮರದ ಮಗ್ಗುಲಿಗೆ ಬಿದಿರಿನ ಅಟ್ಟ ಕಟ್ಟಿ, ಮೂರು ಕುಂಡಗಳಲ್ಲಿದ್ದ ಮಾವಿನ ಸಸಿಗಳನ್ನು ಮೇಲೇರಿಸಿದರು. ಸಸಿಯ ತೊಗಟೆ ಒಂದಿಷ್ಟು, ಎಳೆ ಟೊಂಗೆಯ ತೊಗಟೆ ಒಂದಿಷ್ಟು ಕೆತ್ತಿ, ಗಾಯಕ್ಕೆ ಗಾಯ ಕೂಡಿಸಿ, ಬಾಳೆನಾರಿನಿಂದ ಬಿಗಿದು, ಸಗಣಿಮಣ್ಣು ಮೆತ್ತಿದರು. ಮೂರು ತಿಂಗಳಲ್ಲಿ ಎರಡೂ ಒಂದಾದ ಮೇಲೆ ಟೊಂಗೆಯನ್ನು ತಾಯಿಮರದಿಂದ ಬಿಡಿಸಬೇಕು. ಅಲ್ಲಿಯವರೆಗೆ ಕುಂಡದ ಮಣ್ಣು ಒಣಗಕೂಡದು.

ದಸರೆಯ ಹೊತ್ತಿಗೆ ರಾಯರಿಗೆ ಜ್ವರ ಬಂದು ಎದೆಗಿಳಿಯಿತು. ಎಂಟನೆಯ ದಿನ, ಮಾತು ನಿಲ್ಲುವ ಮೊದಲು, ಕುಂಡಕ್ಕೆ ನೀರು ತಪ್ಪಿಸಬೇಡವೆಂದು ಹೆಂಡತಿಗೆ ಹೇಳಿ ಕಣ್ಣು ಮುಚ್ಚಿದರು. ಅವಳು ತಪ್ಪಿಸುವವಳೂ ಅಲ್ಲ. ಆದರೆ ಅವರು ಹೋದ ಗಳಿಗೆಯಿಂದಲೇ ಮನೆಗೆ ಹತ್ತು ದಿನದ ಸೂತಕ ಬಂದಿತ್ತು. ತವರಿನಲ್ಲಿ ಸೂತಕದವಳೊಬ್ಬಳು ಮುಟ್ಟಿದ ಎಲೆಬಳ್ಳಿ ಬುಡದವರೆಗೆ ಒಣಗಿದ್ದನ್ನು ಅಜ್ಜಿ ಅವಳಿಗೆ ಕೈಹಿಡಿದು ಕರೆದೊಯ್ದು ತೋರಿಸಿದ್ದಳು. ಹಸಿಗಾಯದ ಕಸಿ ಇನ್ನೆಷ್ಟರದು?

ಮೂರನೆಯ ದಿನ ಶ್ಯಾಮ ಮೆಲ್ಲಗೆ ಕೇಳಿದ, "ಅವ್ವಾ, ನಾ ಒಂದೊಂದು ತಂಬಿಗಿ ಹಾಕಿ ಬರ್ಲೇನು?"

"ಬ್ಯಾಡಪಾ. ನಮ್ಮ ಕೈ ಮೈಲಿಗಿ ಅದ. ಅವು ಬದುಕಬೇಕು."

ಅವಳು ಹೊಸ್ತಿಲ ಒಳಗಿಂದಲೇ ಪಕ್ಕದ ಖೋಲಿಯ ರಂಗೂಬಾಯಿಯನ್ನು ಕರೆದಳು. ಅಟ್ಟ ಹತ್ತಿ ಮೂರೂ ಕುಂಡಕ್ಕೆ ದಿನಾ ನೀರು ಹಾಕಬೇಕೆಂದು ಮರಾಠಿಯಲ್ಲಿ ಬಿಡಿಸಿ ಹೇಳಿದಳು. ರಂಗೂಬಾಯಿ ಒಳ್ಳೆಯ ಮನಸ್ಸಿನವಳು, ಸೆರಗಿನಿಂದ ಕಣ್ಣೊರೆಸಿಕೊಂಡು ಒಪ್ಪಿದಳು. ಕೃಷ್ಣಾಬಾಯಿ ಕೂತ ಕಡೆಯಿಂದ ಕಿಟಕಿಯಲ್ಲಿ ಮರದ ಮೇಲಿನ ಟೊಂಗೆಗಳಷ್ಟೇ ಕಾಣುತ್ತಿದ್ದವು, ಕುಂಡಗಳು ಕಾಣುತ್ತಿರಲಿಲ್ಲ. ಮಳೆ ನಿಂತು ಬಿಸಿಲು ಚುರುಗುಟ್ಟುತ್ತಿದ್ದರೂ ಕಸಿ ಕಟ್ಟಿದ ಟೊಂಗೆಗಳ ಎಲೆ ಹಸಿರಾಗಿಯೇ ಇತ್ತು. ಆ ಹಸಿರು ನೋಡಿ ಅವಳು ದಿನ ನೂಕಿದಳು.

ಹನ್ನೊಂದನೆಯ ಬೆಳಿಗ್ಗೆ ಶುದ್ಧಿಯ ಸ್ನಾನವಾದದ್ದೇ ಒದ್ದೆ ತಲೆಯಲ್ಲೇ ಹಿತ್ತಲಿಗೆ ನಡೆದಳು. ರಂಗೂಬಾಯಿ ಮರದ ಬುಡಕ್ಕೆ ಕೊಡ ಬಗ್ಗಿಸುತ್ತಿದ್ದಳು. ಮೊದಲ ದಿನ ಹೇಗೋ ಅಟ್ಟ ಹತ್ತಿದ್ದಳಂತೆ, ಆಮೇಲೆ ಮೊಣಕಾಲು ಕೇಳಲಿಲ್ಲವಂತೆ. ನೋಡಿದರೆ ಎಲೆಯೆಲ್ಲ ಮರದ ಟೊಂಗೆಯದೇ, ಬುಡಕ್ಕೆ ಹಾಕಿದರೆ ಮೇಲಕ್ಕೆ ಹೋಗಿಯೇ ಹೋಗುತ್ತದೆ ಎಂದು ದಿನಕ್ಕೆರಡು ಕೊಡ ಬುಡಕ್ಕೇ ಹಾಕಿದಳಂತೆ, ಒಂದು ದಿನವೂ ತಪ್ಪಿಸದೆ.

ಕೃಷ್ಣಾಬಾಯಿ ಏಣಿ ಹತ್ತಿದಳು. ಕುಂಡದ ಮಣ್ಣು ಅಂಚು ಬಿಟ್ಟು ಗಟ್ಟಿಯಾಗಿತ್ತು, ಬೆರಳು ಇಳಿಯಲಿಲ್ಲ. ಒಂದು ಸಸಿಯ ಕಾಂಡ ಮುಟ್ಟಿದಳು, ಲಟಕ್ಕನೆ ಮುರಿಯಿತು. ಮೂರೂ ಹಾಗೇ. ಟೊಂಗೆಗಳಿಗೆ ತಾಯಿಮರ ಉಣಿಸುತ್ತಿತ್ತು, ಅದಕ್ಕೇ ಹಸಿರು. ಸಸಿಗಳಿಗೆ ಉಣಿಸುವವರು ಯಾರೂ ಇರಲಿಲ್ಲ.

ಎಲ್ಲ ನೆಟ್ಟಗಿವೆಯೇ ಎಂದು ರಂಗೂಬಾಯಿ ಕೆಳಗಿನಿಂದ ಕೇಳಿದಳು. ಕೃಷ್ಣಾಬಾಯಿಗೆ ಬಾಯಿತುಂಬ ಬಯ್ಯಬೇಕೆನಿಸಿತು. ಆದರೆ ಬಯ್ಯಬೇಕಾದದ್ದು ಅವಳನ್ನಲ್ಲ. ಎಲೆ ಹಸಿರಾಗಿವೆ ಎಂದಷ್ಟೇ ಹೇಳಿ ಇಳಿದು ಬಂದಳು.

ಶ್ಯಾಮ ಮಾಲಕನ ಹತ್ತಿರ ಹೋಗಿ ಹೊಸದಾಗಿ ಕಸಿ ಕಟ್ಟಲು ಇನ್ನೂ ಮೂರು ತಿಂಗಳು ಬೇಡಿದ. ಗೌಂಡಿಗಳಿಗೆ ಮಾತು ಕೊಟ್ಟಾಗಿದೆ ಎಂದು ಆತ ಕೈಚೆಲ್ಲಿದ. ತುಲಸಿ ಲಗ್ನದ ಮರುದಿನ ಕೊಡಲಿಯವರು ಬಂದರು. ಕೃಷ್ಣಾಬಾಯಿ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತೇ ಇದ್ದಳು. ಒಳಗೆ ನಡೆ ಎಂದು ಮಗ ಎರಡು ಸಲ ಕರೆದರೂ ಏಳಲಿಲ್ಲ. ಹೋದ ಗಿಡಕ್ಕೆ ಇಷ್ಟೇಕೆ ಕೊರಗುತ್ತೀ, ನೀನೇನು ಬೇಕೆಂದು ಮಾಡಿದೆಯಾ ಎಂದು ಅವನು ಸಮಾಧಾನ ಹೇಳಿದ.

"ಗೋದಾಗೂ ಹಿಂಗ ಮಾಡಿದ್ನೆಪಾ ನಾ," ಅಂದಳು. "ನೀ ಹುಟ್ಟಿ ಆರು ದಿನ ಆಗಿತ್ತು, ನಾ ಪುರುಡಿನಾಗ ಇದ್ದೆ, ಬಾಣಂತನಕ್ಕ ನಿಮ್ಮಜ್ಜಿ ಬಂದಿದ್ಲು. ಆಕಿ ಪಡಸಾಲ್ಯಾಗ ಜ್ವರದಾಗ ಮಲಗಿ, ಅವ್ವಾ ನೀರು, ಅವ್ವಾ ನೀರು ಅಂತ ನನ್ನನ್ನs ಕರೀತಿದ್ಲು. ನನ್ನ ಮೈಲಿಗಿ ಆಕಿಗೆ ತಾಕಬಾರದು, ಆಕಿ ಬದುಕಬೇಕು ಅಂತ ಹೊಸ್ತಿಲಾ ದಾಟಲಿಲ್ಲ."

ಶ್ಯಾಮನಿಗೆ ಇದನ್ನು ಈವರೆಗೆ ಯಾರೂ ಹೇಳಿರಲಿಲ್ಲ. ಮತ್ತೆ ಯಾರು ನೀರು ಕೊಟ್ಟರು ಎಂದು ಕೇಳಿದ.

"ನಿಮ್ಮಜ್ಜಿ ಕೊಟ್ಟಿರಬೇಕು," ಅಂದಳು ಅವಳು. "ನಾ ನೋಡ್ಲಿಲ್ಲ."