ಏಳೂವರೆಯ ಅಳಿಯ, ಒಂಬತ್ತರ ಮಾವ

ಮದುವೆಯಾಗಿ ವರ್ಷ ತುಂಬುವವರೆಗೆ ಮಾವನೂ ಅಳಿಯನೂ ಎದುರುಬದುರು ಕೂತು ವಾದ ಮಾಡಬಾರದು ಎಂಬುದು ಬಂದರಿನ ಅಹ್ಮದ್ ಬಾವನವರ ಮನೆಯಲ್ಲಿ ಯಾರೂ ಮೀರದ ಮರ್ಯಾದೆ. ಮನೆಯವರೆಲ್ಲ ‘ಪುದಿಯಾಪ್ಳೆ’ ಎಂದು ಕರೆಯುವ ಹೊಸ ಅಳಿಯ ಸಂಜೆ ಹೆಂಡತಿಯ ಮನೆಗೆ ಬಂದರೆ ನೇರವಾಗಿ ತನಗೆಂದೇ ಸಿಂಗರಿಸಿಟ್ಟ ಕೋಣೆಗೆ ಹೋಗಬೇಕು. ಮಾವ ಜಗಲಿಯಲ್ಲಿ. ನಡುವೆ ಒಂದು ಗೋಡೆ, ಒಂದು ಪರದೆ, ಮತ್ತೆ ಅತ್ತಿಂದಿತ್ತ ಮಾತು ಹೊರುವ ಮಗಳು ಮೈಮೂನಾ.

ಬಂಗುಡೆ ಸಿಕ್ಕಿತೇ, ಸೆಕೆ ಹೆಚ್ಚಾಯಿತೇ ಎಂಬಂಥ ಮಾತುಗಳಿಗೆ ಈ ಏರ್ಪಾಡು ಧಾರಾಳವಾಗಿ ಸಾಕಾಗುತ್ತಿತ್ತು. ಟಯರಿನ ವಿಷಯ ಎದ್ದ ಮೇಲೆ ಮೈಮೂನಾಳ ಕಾಲು ಸೋತಿತು.

ಅವಳ ಗಂಡ ಜಮಾಲುದ್ದೀನನಿಗೆ ಒಂದು ಲಾರಿ ಇತ್ತು. ಐವತ್ತೆಂಟನೆಯ ಇಸವಿಯ ಕೊಯ್ಲು ಮುಗಿದಿತ್ತು. ಹೆಂಚಿನ ಕಾರ್ಖಾನೆಗೆ ಗದ್ದೆಯ ಜೇಡಿಮಣ್ಣು ಬೇಕಾಗಿತ್ತು. ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರ್ ಯೂಸ್ಟೇಸ್, ರೈತ ದುಗ್ಗಪ್ಪನ ಗದ್ದೆಯಿಂದ ಮಣ್ಣು ಹೊರುವ ಲಾರಿ ಹುಡುಕುತ್ತಿದ್ದ. ದುಗ್ಗಪ್ಪನದು ಒಂದೇ ಷರತ್ತು: ಗದ್ದೆಗಳ ನಡುವಿನ ಗಾಡಿದಾರಿಯ ಅಂಚು ಕುಸಿಯಬಾರದು. ಸೋಮವಾರ ಒಂದು ಲೋಡು ತಂದು ತೋರಿಸಿದರೆ ಬೇಸಿಗೆಯಿಡೀ ಕೆಲಸ ಜಮಾಲುದ್ದೀನನದ್ದು, ದಿನಾ ಸಂಜೆ ಮನೆಗೆ ಬರಬಹುದು. ಇಲ್ಲವಾದರೆ ಬೊಂಬಾಯಿ ಲೈನು. ತಿಂಗಳಿಗೊಮ್ಮೆ ಮುಖ ಕಂಡರೆ ಪುಣ್ಯ. ಟಯರು ದುಂಡಗಿರುತ್ತದೆ ಎಂಬುದರ ಆಚೆಗೆ ಮೈಮೂನಾಳಿಗೆ ಏನೂ ತಿಳಿದಿರಲಿಲ್ಲ. ಬೊಂಬಾಯಿ ದೂರ ಎಂಬುದು ಮಾತ್ರ ಚೆನ್ನಾಗಿ ತಿಳಿದಿತ್ತು.

ಲಾರಿಯ ಹಿಂದೆ ಬದಿಗೆ ಎರಡೆರಡರಂತಿದ್ದ ಟಯರುಗಳು ಸವೆದು ಅಹ್ಮದ್ ಬಾವನವರ ತಲೆಯಷ್ಟೇ ನುಣ್ಣಗಾಗಿದ್ದವು. ಹಂಪನಕಟ್ಟೆಯಲ್ಲಿ ಅವರದ್ದೇ ಟಯರು ಅಂಗಡಿ. ಒಂಬತ್ತು ಇಂಚು ಅಗಲದ ನಾಲ್ಕು ಟಯರು ಅಳಿಯನಿಗೆ ಉಡುಗೊರೆ ಎಂದು ಅವರು ಜಗಲಿಯಿಂದ ಘೋಷಿಸಿದರು. ಆನೆಯ ಪಾದ ಅಗಲ, ಅದಕ್ಕೇ ಅದು ಕೆಸರಿನಲ್ಲಿ ಹೂತುಹೋಗುವುದಿಲ್ಲ ಎಂಬುದು ಅವರ ಸಿದ್ಧಾಂತ. ಅವರು ಆನೆಯನ್ನು ಕೆಸರಿನಲ್ಲಿ ಕಂಡದ್ದು ಯಾವಾಗ ಎಂದು ಯಾರೂ ಕೇಳಲಿಲ್ಲ. ಆ ಒಂಬತ್ತಿಂಚಿನವು ಅಂಗಡಿಯಲ್ಲಿ ಕೂತು ಎಷ್ಟು ಕಾಲವಾಯಿತೆಂದರೆ ಕೋಳಿಯನ್ನು ಕಾವಿಗೆ ಇಟ್ಟಿದ್ದರೆ ಇಷ್ಟರಲ್ಲಿ ಮರಿಯ ಮರಿ ಆಗ್ತಿತ್ತು ಎಂದು ಪಾತುಮ್ಮ ಅಡುಗೆಮನೆಯಿಂದಲೇ ಮಗಳಿಗೆ ಹೇಳಿದರು.

ಜಮಾಲುದ್ದೀನ್ ಏಳೂವರೆ ಇಂಚಿನ ಪಕ್ಷ. ಅಗಲದ ಟಯರು ಕೆಸರಿನ ಮೇಲೆ ಜಾರುತ್ತದೆ, ಸಪೂರದ್ದು ಕೆಸರನ್ನು ಸೀಳಿ ಅಡಿಯ ಗಟ್ಟಿ ನೆಲ ಹಿಡಿಯುತ್ತದೆ. ಮೇಲಾಗಿ ಆ ಗಾಡಿದಾರಿಯಲ್ಲಿ ಜೋಡಿ ಜೋಡಿ ಒಂಬತ್ತಿಂಚು ಹೋದರೆ ಅಂಚು ಗದ್ದೆಗೆ ಬೀಳುವುದು ಖಂಡಿತ. ಆದರೆ ಪುದಿಯಾಪ್ಳೆ ಉಡುಗೊರೆ ಬೇಡವೆನ್ನುವುದು ಹೇಗೆ? ಎಲೆಗೆ ಬಡಿಸಿದ ಬಿರಿಯಾನಿಯನ್ನೇ ಅವನು ಬೇಡವೆಂದದ್ದಿಲ್ಲ. ಮದುವೆಯಾದ ಮೇಲೆ ಅವನ ಸೊಂಟವೇ ಎರಡಿಂಚು ಅಗಲವಾಗಿತ್ತು.

“ಆನೆ ಗಾಡಿದಾರಿಯಲ್ಲಿ ಮಣ್ಣು ಹೊರುವುದಿಲ್ಲ ಅಂತ ನಿನ್ನ ಬಾಪನಿಗೆ ಹೇಳು,” ಎಂದ ಅವನು.

ಮೈಮೂನಾ ಪರದೆ ದಾಟಿದಳು. ದಾಟುವಾಗ ಮಾತಿನ ಮುಳ್ಳು ತೆಗೆಯುವುದು ಅವಳ ಅಭ್ಯಾಸ. ಆನೆಯ ವಿಷಯ ಅವರ ಮನಸ್ಸಿಗೆ ನಾಟಿದೆ ಎಂದು ಬಾಪನಿಗೆ ಹೇಳಿದಳು. ಸಪೂರ ಕಾಲಿನ ಕೊಕ್ಕರೆ ಲೋಡು ಹೊರುತ್ತದಾ ಕೇಳು ಎಂದು ಬಾಪ ಗೊಣಗಿದ್ದು, ಕೋಣೆಗೆ ತಲುಪುವಷ್ಟರಲ್ಲಿ ‘ಗದ್ದೆಯ ವಿಷಯ ನಿಮಗೇ ಹೆಚ್ಚು ಗೊತ್ತಂತೆ’ ಎಂದಾಗಿತ್ತು. ಹೀಗೆ ವಾರವಿಡೀ ಇಬ್ಬರೂ ಗೆದ್ದರು. ಮಾವ ಒಪ್ಪಿದರೆಂದು ಅಳಿಯ, ಅಳಿಯ ಒಪ್ಪಿದನೆಂದು ಮಾವ, ಇಬ್ಬರೂ ಹೊಟ್ಟೆ ತುಂಬ ಉಂಡರು.

ಶನಿವಾರ ಬ್ರೇಕು ಸರಿಮಾಡಿಸಲು ಗ್ಯಾರೇಜಿನಲ್ಲಿ ಬಿಟ್ಟಿದ್ದ ಲಾರಿಯನ್ನು ತರಲು ಜಮಾಲುದ್ದೀನ್ ಹೋದ. ಹಿಂದುಗಡೆ ಒಂಬತ್ತಿಂಚಿನ ನಾಲ್ಕೂ ಕೂತಿದ್ದವು. ಬಾವನವರು ಬೆಳಿಗ್ಗೆಯೇ ಕಳಿಸಿ ಹಾಕಿಸಿದ್ದರು. ಹೆಂಚು ಹೇರಿಕೊಂಡು ಬಿಕರ್ನಕಟ್ಟೆಯ ಏರಿಗೆ ಹೋಗಿ ನೋಡಿದ. ಲೋಡಿನ ಭಾರಕ್ಕೆ ಟಯರುಗಳು ಉಬ್ಬಿ, ಜೋಡಿ ಜೋಡಿಯಾಗಿ ಕೆನ್ನೆಗೆ ಕೆನ್ನೆ ಉಜ್ಜಿ, ಸುಟ್ಟ ರಬ್ಬರಿನ ವಾಸನೆ ಎದ್ದಿತು. ಹೊಸ ಮದುಮಕ್ಕಳೂ ರಸ್ತೆಯಲ್ಲಿ ಅಷ್ಟು ಹತ್ತಿರ ಇರುವುದಿಲ್ಲ.

ಸಂಜೆ ಅವನು ಕೋಣೆಗೆ ಬಂದಾಗ ಮುಖ ಕೆಂಪಾಗಿತ್ತು. ಇನ್ನೊಂದೇ ದಿನ ಇರುವುದು, ಬೊಂಬಾಯಿಯ ಪೆಟ್ಟಿಗೆ ಕಟ್ಟು ಎಂದ. ಆಮೇಲೆ ನಿನ್ನ ಬಾಪನಿಗೆ ಹೇಳು ಎಂದು ಶುರುಮಾಡಿದ. ಈ ಮಾತಿನಿಂದ ಎಷ್ಟು ಮುಳ್ಳು ತೆಗೆದರೂ ಮತ್ತೊಂದು ಜೋಡಿ ಟಯರು ಬಂದೀತೇ ಹೊರತು ಗಂಡ ಉಳಿಯುವುದಿಲ್ಲ ಎಂದು ಮೈಮೂನಾಳಿಗೆ ಹೊಳೆಯಿತು. ಅವಳು ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡಳು. ಗಂಟಲು ತೋರಿಸಿ, ಸ್ವರ ಇಲ್ಲವೆಂದು ಕೈ ಅಲ್ಲಾಡಿಸಿದಳು.

ಕೋಣೆಯಲ್ಲಿ ಅಳಿಯ ಕೆಮ್ಮಿದ. ಜಗಲಿಯಲ್ಲಿ ಮಾವ ಕೆಮ್ಮಿದರು. ಅವರು ಪಾತುಮ್ಮನನ್ನು ಕರೆದರೆ, ನನ್ನ ಕೈಯಲ್ಲಿ ಮೀನುಂಟು ಎಂಬ ಉತ್ತರ ಬಂತು. ಕೊನೆಗೆ ಪರದೆ ಸರಿಯಿತು.

“ಮಾಮ, ಟಯರು ತಾಗ್ತದೆ.”

“ಯಾವುದಕ್ಕೆ?”

“ಒಂದಕ್ಕೊಂದು.”

“ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?”

“ಹೇಳಿ ಕಳಿಸಿದ್ದೆ. ಆನೆ ಮಣ್ಣು ಹೊರುವುದಿಲ್ಲ ಅಂತ.”

“ನನಗೆ ಬಂದು ಮುಟ್ಟಿದ್ದು ಬೇರೆ,” ಎಂದರು ಬಾವ. ಇಬ್ಬರೂ ಪರದೆಯ ಕಡೆ ನೋಡಿದರು. ಅದರ ಹಿಂದೆ ಮೈಮೂನಾ ಬಟ್ಟೆಯನ್ನು ಇನ್ನಷ್ಟು ಬಿಗಿದುಕೊಂಡಳು.

ಬೀದಿಯಲ್ಲಿ ನಿಂತ ಲಾರಿಯ ಹಿಂದೆ ಮಾವ ಅಳಿಯ ಕುಕ್ಕರುಗಾಲಿನಲ್ಲಿ ಕೂತರು. ಹೊರಗಿನ ಎರಡನ್ನು ಬಿಚ್ಚಿಬಿಟ್ಟರೆ ಎಂತ ಎಂದು ಮೊದಲು ಹೇಳಿದ್ದು ಯಾರೆಂಬುದು ಆ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಬದಿಗೆ ಒಂದೊಂದೇ ಅಗಲದ ಟಯರು ಇದ್ದರೆ ಉಜ್ಜುವುದಕ್ಕೆ ಜೊತೆಯೇ ಇಲ್ಲ. ಕೆಸರಿನಲ್ಲಿ ಹೂತುಹೋಗುವುದಿಲ್ಲ, ಗಾಡಿದಾರಿಯ ಅಂಚಿಗೂ ಮುಟ್ಟುವುದಿಲ್ಲ. ಮಣ್ಣು ಮಾತ್ರ ಅರ್ಧವೇ ಹೇರಬೇಕು. ಬೇಸಿಗೆ ಮುಗಿದು ಹೆಂಚು ಹೊತ್ತು ಘಾಟಿ ಹತ್ತುವಾಗ ಏಳೂವರೆಯ ಜೋಡಿ ಹಾಕಿದರಾಯಿತು.

ಸೋಮವಾರ ದುಗ್ಗಪ್ಪ ಲಾರಿಯ ಹಿಂದೆ ಕೋಲು ಹಿಡಿದು ನಡೆಯುತ್ತ, ಹೆಣ್ಣು ನೋಡಲು ಬಂದವನ ಹಾಗೆ ದಾರಿಯ ಅಂಚನ್ನು ನೋಡಿಯೇ ನೋಡಿದ. ಒಂದು ಹೆಂಟೆಯೂ ಉರುಳಲಿಲ್ಲ. ಅರ್ಧ ಲೋಡು ಕಂಡು ಯೂಸ್ಟೇಸ್ ಗೊಣಗಿದ. ದಿನಕ್ಕೆರಡು ಸಲ ಹೆಚ್ಚು ಬರ್ತೇನೆ ಎಂದು ಜಮಾಲುದ್ದೀನ್ ಹೇಳಿದಾಗ ತಲೆಯಾಡಿಸಿದ.

ಆ ಸಂಜೆ ಜಮಾಲುದ್ದೀನ್ ಹೇಳಿದ ಹೊತ್ತಿಗೇ ಮನೆಗೆ ಬಂದ. ಆದರೆ ಜಗಲಿಯಲ್ಲೇ ಉಳಿದ. ಮರುದಿನವೂ ಹಾಗೆಯೇ. ಗಾಳಿ ಎಷ್ಟು ಹೊಡೆಯಬೇಕು, ಡಾಮರಿಗೆ ಯಾವ ಟಯರು ಬೇಗ ಸವೆಯುತ್ತದೆ ಎಂದು ಮಾವ ಅಳಿಯ ಬೆಂಚಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಕೋಣೆಯಲ್ಲಿ ಮೈಮೂನಾ ತಂದಿಟ್ಟ ಚಾ ತಣಿಯಿತು. ಮೂರನೆಯ ಸಂಜೆ ಅವಳು ಪರದೆ ಸರಿಸಿ, ಬಾಪನ ಎದುರಿಗೇ ನಿಂತಳು. ಈ ಸಲ ಮುಳ್ಳು ತೆಗೆಯಲಿಲ್ಲ.

“ಒಳಗೆ ಬರ್ತೀರೋ, ಇಲ್ಲ ಬೊಂಬಾಯಿಗೇ ಹೋಗ್ತೀರೋ?”

ಜಮಾಲುದ್ದೀನ್ ಮಾವನ ಮುಖ ನೋಡಿದ. ಅಹ್ಮದ್ ಬಾವ ಅವನ ಬೆನ್ನಿಗೆ ಕೈಯಿಟ್ಟು ಎಬ್ಬಿಸಿದರು.

“ಏಳು ಮಾರಾಯ,” ಎಂದರು. “ಈ ಕೋಣೆಯ ದಾರಿಗೆ ಆಗುವ ಟಯರು ನನ್ನ ಅಂಗಡಿಯಲ್ಲಿ ಇಲ್ಲ.”