ಯಾರ ಅಂಗಡಿಯದೂ ಅಲ್ಲದ ಗಾಲಿ

ಮೊಂಡಿಗೆ ಆ ಹೆಸರಿಟ್ಟವನು ಅವಳ ಅಪ್ಪ. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಕೂಗುವುದಕ್ಕೆ ಮಾತ್ರ ಉಳಿದು, ಮನೆಯಲ್ಲಿ, ಅಂಗಡಿಯಲ್ಲಿ, ಕೊನೆಗೆ ಪಾಲಿಟೆಕ್ನಿಕ್ಕಿನಲ್ಲೂ ಅವಳು ಮೊಂಡಿಯೇ ಆಗಿಬಿಟ್ಟಳು.

ಅಪ್ಪನದು ಗಾಲಿ ಅಂಗಡಿ. ಆಸ್ಪತ್ರೆಯ ಮಂಚ, ಆಫೀಸಿನ ಕುರ್ಚಿ, ಗೋದಾಮಿನ ಟ್ರಾಲಿ, ಯಾವುದರ ಕಾಲಿಗೆ ಯಾವ ಗಾಲಿ ಬೇಕೋ ಅಲ್ಲಿ ಸಿಗುತ್ತಿತ್ತು. ರಸ್ತೆಯ ಆಚೆ ಬದಿಗೆ, ಸರಿಯಾಗಿ ಎದುರಿಗೆ, ದೊಡ್ಡಪ್ಪನದೂ ಗಾಲಿ ಅಂಗಡಿಯೇ. ಹಿಂದೆ ಎರಡೂ ಒಂದೇ ಆಗಿದ್ದವು. ಅಂಗಡಿ ಪಾಲಾದಾಗ ಅಣ್ಣತಮ್ಮಂದಿರ ಮಾತೂ ನಿಂತಿತು. ಜಗಳ ಯಾವುದಕ್ಕೆ ಶುರುವಾಯಿತು ಎಂದು ಕೇಳಿದರೆ ಅಪ್ಪ ಒಂದು ಕಾರಣ ಹೇಳುತ್ತಿದ್ದ, ಅಮ್ಮ ಇನ್ನೊಂದು ಹೇಳುತ್ತಿದ್ದಳು. ಬೆಳಿಗ್ಗೆ ಇಬ್ಬರೂ ಒಂದೇ ಹೊತ್ತಿಗೆ ಷಟರ್ ಎತ್ತುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಪಾಲಿಟೆಕ್ನಿಕ್ಕಿನಿಂದ ರೋಬಾಟ್ ಸ್ಪರ್ಧೆಗೆ ತಂಡ ಹೊರಟಾಗ ಗಾಲಿಯ ಜವಾಬ್ದಾರಿ ಮೊಂಡಿಯ ಪಾಲಿಗೆ ಬಂದದ್ದು ಸಹಜವೇ. ಬಣ್ಣ ಬಳಿದ ಪ್ಲೈವುಡ್ ಅಖಾಡ, ನಡುವೆ ಒಂದು ಇಳಿಜಾರು. ಎರಡು ರೋಬಾಟ್‌ಗಳು ಎದುರೆದುರು ಇಳಿಯಬೇಕು, ತೂಕದ ಪೆಟ್ಟಿಗೆಗಳನ್ನು ಇಳಿಜಾರಿನ ತಲೆಗೆ ತಳ್ಳಬೇಕು. ಎದುರಾಳಿಯನ್ನು ತಳ್ಳಿದರೂ ತಪ್ಪಿಲ್ಲ. ಅಖಾಡದಿಂದ ಹೊರಗೆ ತಳ್ಳಿದರೆ ಆಟವೇ ಮುಗಿಯಿತು.

ಅಪ್ಪ ಖುಷಿಯಿಂದ ಅಂಗಡಿಯ ಹಿಂದಿನ ಕೋಣೆಯನ್ನು ಬಿಟ್ಟುಕೊಟ್ಟ. ಹೊಸದಾಗಿ ತರಿಸಿದ ಬಿಳಿಯ ಗಾಲಿಗಳನ್ನು ಬಿಟ್ಟಿಯಾಗಿ ಕೊಟ್ಟ. ಜೊತೆಗೆ ಅಂಗಡಿಯ ಹೆಸರಿನ ಬೋರ್ಡೊಂದನ್ನು ಬರೆಸಿ ರೋಬಾಟಿನ ಪಕ್ಕಕ್ಕೆ ಬಿಗಿದ. ಬೋರ್ಡು ಎಷ್ಟು ದೊಡ್ಡದಿತ್ತೆಂದರೆ ದೂರದಿಂದ ನೋಡಿದವರಿಗೆ ಬೋರ್ಡಿಗೇ ಗಾಲಿ ಬಂದ ಹಾಗೆ ಕಾಣುತ್ತಿತ್ತು.

ಮೊಂಡಿ ಆ ಗಾಲಿಗಳನ್ನು ಹಾಕಿ ನೋಡಿದಳು. ರೋಬಾಟನ್ನು ಪ್ಲೈವುಡ್ ಹಲಗೆಯ ಮೇಲೆ ನಿಲ್ಲಿಸಿ, ಪೆಟ್ಟಿಗೆ ತೂಗುವ ಸ್ಪ್ರಿಂಗ್ ತಕ್ಕಡಿಯ ಒಂದು ಕೊಕ್ಕೆಯನ್ನು ಗೋಡೆಗೂ ಇನ್ನೊಂದನ್ನು ರೋಬಾಟಿಗೂ ಸಿಕ್ಕಿಸಿ ಎಳೆಸಿದಳು. ಗಾಲಿಗಳು ನಿಂತಲ್ಲೇ ಗಿರಗಿರನೆ ತಿರುಗಿದವು. ಮುಳ್ಳು ಮಿಸುಕಿತು, ಅಷ್ಟೇ. ಹಲಗೆಯ ಒಂದು ತುದಿ ಎತ್ತಿದರೆ ರೋಬಾಟ್ ಮೆಲ್ಲಗೆ ಕೆಳಕ್ಕೆ ಜಾರುತ್ತಿತ್ತು.

"ಅಪ್ಪಾ, ಇದು ಜಾರ್ತಿದೆ."

"ಏನು ಜಾರೋದು? ಇವು ಆಸ್ಪತ್ರೇಲಿ ರೋಗಿ ಸಮೇತ ಮಂಚ ಹೊತ್ಕೊಂಡು ಓಡ್ತವೆ."

"ಆ ಮಂಚನ ಜನ ತಳ್ತಾರಪ್ಪ. ಅಲ್ಲಿ ಗಾಲಿ ಸುಮ್ನೆ ಉರುಳಿದ್ರೆ ಸಾಕು. ಇಲ್ಲಿ ಗಾಲಿನೇ ತಳ್ಬೇಕು. ನೆಲ ಹಿಡ್ಕೊಳ್ಬೇಕು. ಮೆತ್ತನೆ ರಬ್ಬರ್‌ದು ಬೇಕು."

"ಮೆತ್ತನೇದು ನಮ್ಮಲ್ಲಿ ಬರಲ್ಲ."

"ಎದುರುಗಡೆ ಇದೆ."

ಗಲ್ಲಾದಲ್ಲಿ ಬಿಲ್ಲು ಬರೆಯುತ್ತಿದ್ದ ಅಮ್ಮನ ಕೈ ನಿಂತಿತು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡ. ಅವನಿಗೆ ಸಿಟ್ಟು ಬಂದಾಗ ಮೊದಲು ಒರೆಸುವುದೇ ಕನ್ನಡಕವನ್ನು.

"ನನ್ನ ಮಗಳು ನನ್ನ ಅಂಗಡಿ ಬಿಟ್ಟು ಅಲ್ಲಿ ಗಾಲಿ ತಗೊಂಡ್ರೆ ಈ ಬೀದಿಯೋರು ಏನಂತಾರೆ?"

"ಬೀದಿಯೋರು ಸ್ಪರ್ಧೆಗೆ ಬರಲ್ಲ."

"ಹೋದ್ರೆ ಈ ಕೋಣೆಗೆ ಬೀಗ ಬೀಳತ್ತೆ."

"ಬೀಳ್ಲಿ. ನಾನೇನು ಕದ್ದು ಹೋಗ್ತಿಲ್ಲ, ನಿನಗೆ ಹೇಳೇ ಹೋಗ್ತಿದೀನಿ."

ನೆತ್ತಿಯ ಮೇಲೆ ಬಿಸಿಲಿರುವಾಗ, ಎರಡೂ ಕಡೆಯ ಅಂಗಡಿಯವರು ನೋಡುತ್ತಿರುವಾಗ, ಅವಳು ರಸ್ತೆ ದಾಟಿದಳು. ಬೇಕೆಂದೇ ನಿಧಾನವಾಗಿ ನಡೆದಳು.

ದೊಡ್ಡಪ್ಪ ಕುರ್ಚಿಯಿಂದ ಅರ್ಧ ಎದ್ದ. "ಏನಮ್ಮ, ದಾರಿ ತಪ್ಪಿ ಬಂದ್ಯಾ?"

"ಇಲ್ಲ ದೊಡ್ಡಪ್ಪ, ಗಿರಾಕಿಯಾಗಿ ಬಂದೆ."

ಅವನು ಮೆತ್ತನೆಯ ರಬ್ಬರ್ ಗಾಲಿಗಳನ್ನು ಮುಂದಿಟ್ಟ. ಅವಳು ಹೆಬ್ಬೆರಳಿನ ಉಗುರಿನಿಂದ ಒತ್ತಿದಳು. ಉಗುರಿನ ಗುರುತು ಮೂಡಿ, ನೋಡುನೋಡುತ್ತಲೇ ಮಾಯವಾಯಿತು. ಗಾಜಿನ ಮೇಜಿನ ಮೇಲೆ ಗಾಲಿಯನ್ನು ಒತ್ತಿ ಎಳೆದರೆ ಕೀಚ್ ಎಂದು ಹಟ ಹಿಡಿಯಿತು. ಬೇಕಾದದ್ದು ಇದೇ.

"ತಗೊಂಡು ಹೋಗು, ಬಿಟ್ಟಿ," ಅಂದ ದೊಡ್ಡಪ್ಪ. "ಆದ್ರೆ ಆ ಬೋರ್ಡು ಇದೆಯಲ್ಲ, ಅದನ್ನ ಕಿತ್ತು ನಮ್ಮದು ಹಾಕ್ಬೇಕು. ಇನ್ನೂ ದೊಡ್ಡದು ಮಾಡಿಸ್ಕೊಡ್ತೀನಿ."

"ಬಿಟ್ಟಿ ಬೇಡ. ಎಷ್ಟಾಗತ್ತೋ ಕೊಡ್ತೀನಿ. ಅಪ್ಪನ ಹೆಸರು ಕಿತ್ತು ನಿಮ್ಮದು ಹಾಕಕ್ಕೆ ನಾನು ಬಂದಿಲ್ಲ."

"ಹಾಗಾದ್ರೆ ಮಾಲಿಲ್ಲ."

"ಕಣ್ಮುಂದೇನೇ ಇದೆಯಲ್ಲ."

"ನಿನಗಿಲ್ಲ."

ಮೊಂಡಿ ಗಾಲಿಯನ್ನು ಎತ್ತಿದ ಜಾಗದಲ್ಲೇ ಇಟ್ಟಳು. "ನಿಮ್ಮಿಬ್ಬರಲ್ಲಿ ಯಾರು ಅಣ್ಣ, ಯಾರು ತಮ್ಮ ಅಂತಾನೇ ಗೊತ್ತಾಗಲ್ಲ ದೊಡ್ಡಪ್ಪ. ಒಂದೇ ಅಚ್ಚು," ಎಂದು ಹೇಳಿ ಹೊರಬಂದಳು.

ಇತ್ತ ಕೋಣೆಗೆ ಬೀಗ ಬಿದ್ದಿತ್ತು. ರೋಬಾಟ್ ಅಂಗಡಿಯ ಮೆಟ್ಟಿಲ ಮೇಲಿತ್ತು. ಪಕ್ಕದಲ್ಲಿ ಅಮ್ಮ.

"ಬ್ಯಾಟರಿ ಒಳಗೇ ಉಳಿದಿತ್ತು. ಬೀಗ ಹಾಕೋಕೆ ಮುಂಚೆ ನಾನೇ ತಂದಿಟ್ಟೆ," ಎಂದು ಅಮ್ಮ ಮೆಲ್ಲಗೆ ಅಂದಳು. "ಗಾಲೀನೂ ನಿನ್ನದೇ. ಕೊಟ್ಟಿದ್ದನ್ನ ವಾಪಸ್ ಕೇಳೋ ಬುದ್ಧಿ ನಿಮ್ಮಪ್ಪನಿಗಿನ್ನೂ ಬಂದಿಲ್ಲ."

ಮೊಂಡಿ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದಳು. ಬೋರ್ಡನ್ನು ಬಿಚ್ಚಿ ಒಳಗೆ ತೆಗೆದುಕೊಂಡು ಹೋಗಿ ಅಪ್ಪನ ಮುಂದಿಟ್ಟಳು. "ತಗೋ. ಒಂದು ಗೀರೂ ಬೀಳದ ಹಾಗೆ ಬಿಚ್ಚಿದೀನಿ."

ಅಪ್ಪ ಕನ್ನಡಕ ತೆಗೆದು ಒರೆಸತೊಡಗಿದ.

ಅಂದಿನಿಂದ ಕೆಲಸ ಕಡ್ಡಿಯ ಮನೆಯ ತಾರಸಿಗೆ ಸಾಗಿತು. ಕಡ್ಡಿ ಎಂದರೆ ತಂಡದಲ್ಲಿ ರೋಬಾಟ್ ಓಡಿಸುವವಳು. ನೋಡಲು ಹೆಸರಿಗೆ ತಕ್ಕ ಹಾಗಿದ್ದಳು. ಅವಳ ಅಮ್ಮ ಪಾರ್ಸೆಲ್ ಕಚೇರಿಯಲ್ಲಿ ಸೂಪರ್‌ವೈಸರ್. ಒಂದು ಮಧ್ಯಾಹ್ನ ಆಕೆ ಮನೆಯಲ್ಲೇ ಮರೆತು ಹೋದ ಊಟದ ಡಬ್ಬಿಯನ್ನು ಕೊಡಲು ಇಬ್ಬರೂ ಅಲ್ಲಿಗೆ ಹೋದರು. ಕಡ್ಡಿ ಅಮ್ಮನನ್ನು ಹುಡುಕುತ್ತ ಒಳಗೆ ಹೋದಳು. ಮೊಂಡಿ ಮಾತ್ರ ಬಾಗಿಲಲ್ಲೇ ನಿಂತುಬಿಟ್ಟಳು.

ಲಾರಿಯಿಂದ ಇಳಿದ ಪೆಟ್ಟಿಗೆಗಳು ಒಂದು ಉದ್ದನೆಯ ಬೆಲ್ಟಿನ ಮೇಲೆ ಕೂತು ಮಹಡಿಗೆ ಏರುತ್ತಿದ್ದವು. ಬೆಲ್ಟು ಏಣಿಯಷ್ಟು ಕಡಿದಾಗಿತ್ತು. ಆದರೂ ಒಂದು ಪೆಟ್ಟಿಗೆಯೂ ಹಿಂದಕ್ಕೆ ಜಾರುತ್ತಿರಲಿಲ್ಲ. ಹತ್ತಿರ ಹೋಗಿ ನೋಡಿದರೆ ರಬ್ಬರಿನ ಮೈ ಕಪ್ಪೆಯ ಬೆನ್ನಿನಂತೆ ತರಿತರಿಯಾಗಿತ್ತು.

ಡಬ್ಬಿ ಹಿಡಿದು ಹೊರಬಂದ ಕಡ್ಡಿಯ ಅಮ್ಮನನ್ನು ಮೊಂಡಿ ಕೇಳಿದಳು, "ಆಂಟಿ, ಈ ಬೆಲ್ಟು ಹಳೇದಾದ್ರೆ ಏನು ಮಾಡ್ತೀರ?"

"ಏನು ಮಾಡೋದು, ಹಿಂದುಗಡೆ ಸುತ್ತಿ ಎಸೆದಿದೀವಿ. ಕಾಲಿಗೆ ಅಡ್ಡ ಬರತ್ತೆ. ಎತ್ಕೊಂಡು ಹೋದ್ರೆ ನಿಮಗೆ ಪುಣ್ಯ. ಗೇಟಲ್ಲಿ ನಾನು ಹೇಳ್ತೀನಿ."

ಬೆಲ್ಟಿನ ಪಟ್ಟಿಗಳನ್ನು ಕತ್ತರಿಸಿ ಅಪ್ಪ ಕೊಟ್ಟಿದ್ದ ಬಿಳಿ ಗಾಲಿಗಳ ಸುತ್ತ ಅಂಟಿಸಿದರು. ಮೊದಲ ಓಟದಲ್ಲೇ ಅಂಟು ಬಿಟ್ಟು, ಕಿತ್ತ ಪಟ್ಟಿ ಹರಿದ ಚಪ್ಪಲಿಯಂತೆ ಪಟಪಟ ಬಡಿಯಿತು. ತುದಿಗಳನ್ನು ಓರೆಯಾಗಿ ಕತ್ತರಿಸಿ ಸಣ್ಣ ಸ್ಕ್ರೂ ಬಿಗಿದರು. ಸ್ಕ್ರೂ ತಲೆ ನೆಲಕ್ಕೆ ತಾಗದಂತೆ ಮೊಂಡಿ ಅದನ್ನು ರಬ್ಬರಿನ ತರಿಗಳ ನಡುವೆ ಆಳಕ್ಕೆ ಇಳಿಸಿದಳು. ಮತ್ತೆ ತಕ್ಕಡಿಗೆ ಕಟ್ಟಿ ಎಳೆಸಿದಾಗ ಮುಳ್ಳು ಸರಸರನೆ ಏರಿತು. ಕಡ್ಡಿ ಕೈ ತಟ್ಟಬೇಕೆನ್ನುವಷ್ಟರಲ್ಲಿ ಮೋಟಾರಿನಿಂದ ಸುಟ್ಟ ವಾಸನೆ ಬಂತು.

ತಂಡದ ಉಸ್ತುವಾರಿ ಹೊತ್ತಿದ್ದ ಮೇಷ್ಟ್ರು ತಾರಸಿಗೆ ಬಂದು ನೋಡಿದರು. "ಗಾಲಿ ಒಂಚೂರು ಜಾರೋದು ಮೋಟಾರಿಗೆ ಒಳ್ಳೇದಮ್ಮ. ಜಾರದೆ ಇದ್ರೆ ಮೋಟಾರ್ ತಿಣುಕಿ ಸುಟ್ಟೋಗತ್ತೆ. ಪಟ್ಟಿ ಕಿತ್ತು ಸುಮ್ನೆ ಬಿಳಿ ಗಾಲೀನೇ ಇಟ್ಕೊ. ಅಪ್ಪನ ಹತ್ರ ರಾಜಿ ಮಾಡ್ಕೊ."

ಮೋಟಾರಿನ ಮಾತು ನಿಜವಾಗಿತ್ತು. ಮೊಂಡಿ ಅದನ್ನು ಒಪ್ಪಿಕೊಂಡಳು. ರಾಜಿಯ ಮಾತನ್ನು ಒಪ್ಪಲಿಲ್ಲ.

"ಗೇರ್ ಬದಲಾಯಿಸ್ತೀನಿ ಸರ್. ಮೋಟಾರಿಗೆ ಸಣ್ಣ ಹಲ್ಲುಚಕ್ರ ಹಾಕಿದ್ರೆ ಓಟ ಕಮ್ಮಿ ಆಗತ್ತೆ, ಬಲ ಜಾಸ್ತಿ ಆಗತ್ತೆ."

"ಆಮೆ ಆಗೋಗತ್ತೆ ಕಣೇ," ಅಂದಳು ಕಡ್ಡಿ.

"ಆಗ್ಲಿ. ಹಿಂದಕ್ಕೆ ಹೋಗದ ಆಮೆ."

ಸ್ಪರ್ಧೆಯ ದಿನ ತಪಾಸಣೆಯ ಮೇಜಿನಲ್ಲಿದ್ದವನು ರೋಬಾಟನ್ನು ಮಗುಚಿ ಹುಬ್ಬು ಗಂಟಿಕ್ಕಿದ. "ಯಾವ ಕಂಪನಿ ಗಾಲಿ ಇದು?"

"ಯಾವ ಕಂಪನೀದೂ ಅಲ್ಲ."

"ಎಲ್ಲರೂ ಕಂಪನಿ ಗಾಲೀನೇ ತಂದಿದಾರೆ."

"ನಿಯಮದಲ್ಲಿ ಕಂಪನಿ ಹೆಸರು ಕೇಳಿಲ್ಲ ಸರ್. ನೆಲಕ್ಕೆ ಗೀರು ಬೀಳಬಾರದು ಅಂತಿದೆ. ಎಳೆದು ನೋಡಿ."

ಅವನು ಪ್ಲೈವುಡ್ ತುಂಡಿನ ಮೇಲೆ ಒತ್ತಿ ಒತ್ತಿ ಎಳೆದ. ಬಗ್ಗಿ ನೋಡಿದ. ಬಣ್ಣ ಹಾಗೇ ಇತ್ತು. ಒಪ್ಪಿಗೆಯ ಚೀಟಿ ಅಂಟಿಸಿದ.

ಮೊದಲ ಸುತ್ತುಗಳು ಹೇಗೋ ದಾಟಿದವು. ಸೆಮಿಫೈನಲ್ಲಿನಲ್ಲಿ ಎದುರಾದದ್ದು ಹಿಂದಿನ ವರ್ಷ ಗೆದ್ದ ತಂಡ. ತೀರ್ಪುಗಾರರು ಶಿಳ್ಳೆ ಊದುತ್ತಲೇ ಅವರ ರೋಬಾಟ್ ನುಗ್ಗಿ ಬಂದು ಢಿಕ್ಕಿ ಹೊಡೆಯಿತು. ಮೊಂಡಿಯ ರೋಬಾಟ್ ಕೂತಲ್ಲಿಂದ ಕದಲಲಿಲ್ಲ. ಕಡ್ಡಿ ರಿಮೋಟಿನ ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಿದಳು. ಎದುರಿನ ಗಾಲಿಗಳು ರೊಯ್ಯನೆ ತಿರುಗಿದವು, ನೆಲದ ಮೇಲೆ ಕಪ್ಪು ಗೆರೆ ಬಿತ್ತು, ಆದರೂ ಆ ರೋಬಾಟ್ ಅಂಗುಲ ಅಂಗುಲವಾಗಿ ಹಿಂದೆ ಸರಿಯಿತು. ಇಳಿಜಾರಿನ ಕೆಳಗೆ ಹೋಯಿತು, ಅಂಚಿಗೆ ಹೋಯಿತು, ಧಡಕ್ಕನೆ ಹೊರಗೆ ಬಿತ್ತು. ಸಭಾಂಗಣದಲ್ಲಿ ಗದ್ದಲವೆದ್ದಿತು.

ಫೈನಲ್ಲಿನಲ್ಲಿ ಸೋತರು. ಆ ತಂಡದವರು ಬುದ್ಧಿವಂತರು. ತಳ್ಳಾಟಕ್ಕೆ ಬರಲೇ ಇಲ್ಲ. ಆಮೆಯ ಸುತ್ತ ಸುತ್ತಿ, ಅದು ತಿರುಗುವಷ್ಟರಲ್ಲಿ ಪೆಟ್ಟಿಗೆಗಳನ್ನೆಲ್ಲ ಮೇಲೇರಿಸಿಬಿಟ್ಟರು.

ಕಡ್ಡಿಯ ಕಣ್ಣು ತುಂಬಿತು. ಮೊಂಡಿ ಹೇಳಿದಳು, "ನಾವು ಸೋತಿದ್ದು ನಿಧಾನ ಆಗಿದ್ದಕ್ಕೆ. ಜಾರಿದ್ದಕ್ಕಲ್ಲ."

ಅವರು ಸಾಮಾನು ಕಟ್ಟುತ್ತಿದ್ದಾಗ ಅಮ್ಮ ಬಂದಳು, ಹಿಂದೆ ಅಪ್ಪ. ಅಷ್ಟರಲ್ಲಿ ಇನ್ನೊಂದು ಬಾಗಿಲಿನಿಂದ ದೊಡ್ಡಪ್ಪನೂ ಬಂದ. ಯಾರೂ ಯಾರನ್ನೂ ಕರೆದಿರಲಿಲ್ಲ. ಮೇಜಿನ ಮೇಲೊಂದು ಹೆಚ್ಚುವರಿ ಗಾಲಿ ಇತ್ತು. ಅಪ್ಪ ಅದನ್ನು ಎತ್ತಿ ಉಗುರಿನಿಂದ ಒತ್ತಿದ.

"ಮೇಲಿನ ರಬ್ಬರ್ ಅವರ ಅಂಗಡೀದಾ?" ಎಂದು ಮಗಳನ್ನು ಕೇಳಿದ.

"ನಮ್ಮದಲ್ಲ ಅಂತ ಹೇಳಮ್ಮ ಅವನಿಗೆ," ಅಂದ ದೊಡ್ಡಪ್ಪ. "ಒಳಗಿರೋ ಗಾಲಿ ಅವನದೇ ಅಂತಾನೂ ಹೇಳು."

"ಅದು ನನಗೆ ಗೊತ್ತಿದೆ ಅಂತ ಹೇಳು."

"ನಾನು ಏನೂ ಹೇಳಲ್ಲ," ಅಂದಳು ಮೊಂಡಿ. "ಇಬ್ಬರಿಗೂ ಕಿವಿ ಚೆನ್ನಾಗಿದೆ."

ಅಪ್ಪ ಕೆಮ್ಮಿದ. "ಕೋಣೆ ಬೀಗ ತೆಗೆದಿದೀನಿ. ಮುಂದಿನ ವರ್ಷಕ್ಕೆ ಬೋರ್ಡು ಸ್ವಲ್ಪ ಸಣ್ಣದು ಮಾಡಿಸ್ತೀನಿ."

"ಕೋಣೆ ಬೇಕಪ್ಪ. ಬೋರ್ಡು ಬೇಡ. ಯಾರದೂ ಬೇಡ. ಗಾಲಿ ಬೇಕಾದ್ರೆ ದುಡ್ಡು ಕೊಟ್ಟು ತಗೋತೀನಿ, ನಿಮ್ಮಿಬ್ಬರಲ್ಲಿ ಯಾರ ಹತ್ರ ಒಳ್ಳೇದಿದ್ರೆ ಅವರ ಹತ್ರ. ಇಬ್ಬರ ಹತ್ರಾನೂ ಇಲ್ದಿದ್ರೆ ಇನ್ನೆಲ್ಲಾದ್ರೂ ಹುಡುಕ್ತೀನಿ."

ಅವಳೂ ಕಡ್ಡಿಯೂ ರೋಬಾಟನ್ನು ಎರಡು ಕಡೆಯಿಂದ ಎತ್ತಿಕೊಂಡರು. ಬ್ಯಾಟರಿ ಪೆಟ್ಟಿಗೆಯನ್ನು ಅಮ್ಮ ಹಿಡಿದಳು. ಬಾಗಿಲ ಹತ್ತಿರ ಅಮ್ಮ ಹಿಂತಿರುಗಿ ನೋಡಿದಳು. ಮೇಜಿನ ಆಚೆ ಒಬ್ಬ, ಈಚೆ ಒಬ್ಬ. ನಡುವೆ ಗಾಲಿ.

"ಸ್ಕ್ರೂ ತಲೆನ ಎಷ್ಟು ಒಳಗಿಳಿಸಿದಾಳೆ," ಎಂದು ದೊಡ್ಡಪ್ಪ ಗಾಲಿಗೆ ಹೇಳಿದ.

"ನೋಡ್ದೆ," ಎಂದು ಅಪ್ಪನೂ ಗಾಲಿಗೇ ಹೇಳಿದ.

ಮೊಂಡಿ ಅದನ್ನು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಮೆಟ್ಟಿಲಿಳಿಯುತ್ತಲೇ ಕಡ್ಡಿಗೆ ಹೇಳುತ್ತಿದ್ದಳು, "ಮುಂದಿನ ಸಲ ಎರಡು ಗೇರ್ ಹಾಕೋಣ ಕಣೇ. ತಳ್ಳಕ್ಕೊಂದು, ಓಡಕ್ಕೊಂದು. ಮೇಷ್ಟ್ರು ಆಗಲ್ಲ ಅಂತಾರೆ, ಅನ್ಲಿ."