ಗಾಳಿಕಂಬಕ್ಕೆ ಕಟ್ಟಿದ ಕೆರ

ಮುದ್ದಕ್ಕ ಕುರಿರೊಪ್ಪ ಗುಡಿಸುತ್ತಿದ್ದಳು. ಹಿಕ್ಕೆಯನ್ನು ಮೂಲೆಗೆ ಒಟ್ಟುವಾಗ ಪೊರಕೆಗೆ ಏನೋ ತೊಡರಿತು. ಎಳೆದು ನೋಡಿದರೆ ತನ್ನದೇ ಹಳೇ ಕೆರ. ಅದಕ್ಕೆ ಕಟ್ಟಿದ ಕರಿ ಉಣ್ಣೆಯ ಹುರಿಯೂ ಹಾಗೇ ಇತ್ತು. ಪೊರಕೆ ಅಲ್ಲೇ ನಿಂತಿತು.

"ಯಾಕತ್ತೆ, ಕೆರದ ಮಕ ನೋಡ್ಕೊಂಡು ನಿಂತೆ? ಜೋಡಿ ಎಲ್ಲೈತೆ ಅಂತ ಕೇಳ್ತೈತಾ?" ಸೊಸೆ ಪುಟ್ಟಕ್ಕ ನಕ್ಕಳು.

ಮುದ್ದಕ್ಕ ನಗಲಿಲ್ಲ.

ಹೊಳಲ್ಕೆರೆ ಕಡೆಯ ರೇವಣಸಿದ್ದಪ್ಪ ಬೆಂಗಳೂರಲ್ಲಿ ವಿಮಾನದ ವಿದ್ಯೆ ಓದಿ, ಅಲ್ಲೇ ಸಂಶೋಧನೆಗೆ ನಿಂತ ಹುಡುಗ. ವಿಮಾನದ ರೆಕ್ಕೆಯ ಲೆಕ್ಕದಲ್ಲೇ ರೆಕ್ಕೆ ಮಾಡಿ, ಬಾವಿ ನೀರೆತ್ತುವ ಗಾಳಿಯಂತ್ರ ಕಟ್ಟಬೇಕೆಂದಿದ್ದ. ಮೊದಲು ಗಾಳಿ ಎಷ್ಟಿದೆಯೆಂದು ಅಳೆಯಬೇಕಲ್ಲ. ಹೋದ ಬೇಸಿಗೆಯಲ್ಲಿ ಐಮಂಗಲದ ಆಚೆ ಮುದ್ದಕ್ಕನ ಹೊಲದ ದಿಬ್ಬದಲ್ಲಿ ಕಂಬ ನೆಟ್ಟ. ತುದಿಯಲ್ಲಿ ಸೌಟಿನಂಥ ಬಟ್ಟಲುಗಳು ಗಿರ್ರನೆ ತಿರುಗಿದರೆ, ಕೆಳಗಿನ ಡಬ್ಬಿ ಸುತ್ತು ಎಣಿಸುತ್ತಿತ್ತು. ವಾರಕ್ಕೊಮ್ಮೆ ಬಸ್ಸಿಳಿದು ಬಂದು ಡಬ್ಬಿ ನೋಡಿ, ಅವಳ ಮನೆಯಲ್ಲಿ ಮುದ್ದೆ ಉಂಡು ಹೋಗುತ್ತಿದ್ದ.

"ಯಂತ್ರ ಎದ್ದು ನಿಂತ್ರೆ ಮೊದ್ಲು ನೀರು ನಿನ್ನ ಕುರಿಗಳ್ಗೇ, ದೊಡ್ಡವ್ವ."

ದಾರಿಹೋಕರೆಲ್ಲ ನಿಂತು ಕಂಬವನ್ನು ಬಾಯಿ ಬಿಟ್ಟುಕೊಂಡು ನೋಡುವುದು ಕಂಡು ಮುದ್ದಕ್ಕನಿಗೆ ಸಂಕಟವಾಯಿತು. ಹಾಲು ಕೊಡುವ ಎಮ್ಮೆಗೆ ತಗಲುವ ದೃಷ್ಟಿ ಇದನ್ನು ಬಿಟ್ಟೀತೆ? ಸೊಪ್ಪು ಎಳೆಯುವ ದೋಟಿಯಿಂದ ಕೆರವನ್ನು ಬಟ್ಟಲುಗಳ ಪಕ್ಕದ ಕೊಕ್ಕೆಗೆ ನೇತುಹಾಕಿದಳು. ಓದಿದ ಹುಡುಗ ನಕ್ಕಾನೆಂದು ಅವನು ಬರುವ ದಿನ ಇಳಿಸುವಳು. ಬಸ್ಸು ಹತ್ತಿದ ಮೇಲೆ ಮತ್ತೆ ಏರಿಸುವಳು. ಗಾಳಿ ಜೋರಾದಾಗ ಕೆರ ಹಾರಿ ಬಟ್ಟಲಿಗೆ ಬಡಿಯುತ್ತಿತ್ತು, ಬಟ್ಟಲು ತಡವರಿಸುತ್ತಿತ್ತು. ಬಡಿದಷ್ಟೂ ದೃಷ್ಟಿ ಕಳೆಯುತ್ತದೆ ಅಂದುಕೊಂಡಳು.

ಆಷಾಢ ಕಳೆದು ಕಂಬ ಕೀಳಲು ಬಂದವನ ಮುಖ ಬಾಡಿತ್ತು.

"ಹೆಗಲ ಮ್ಯಾಲಿನ ಟವೆಲ್ ನಿಲ್ಲಲ್ಲ, ಅಂಥಾ ಗಾಳಿ. ಡಬ್ಬಿ ನೋಡಿದ್ರೆ ಗಾಳೀನೇ ಇಲ್ಲ ಅಂತೈತೆ. ನಮ್ಮ ಮೇಷ್ಟ್ರು ಡಬ್ಬೀನೇ ನಂಬೋದು ದೊಡ್ಡವ್ವ. ಈ ಕಡೆಗೆ ಯಂತ್ರ ಬ್ಯಾಡ ಅಂದ್ಬಿಟ್ರು." ಬಟ್ಟಲಿನ ಗೀರುಗಳ ಮೇಲೆ ಬೆರಳಾಡಿಸಿ ಕೇಳಿದ: "ಇಲ್ಲೇನಾದ್ರೂ ಕೂರ್ತಿತ್ತಾ?"

ಮುದ್ದಕ್ಕನಿಗೆ ಆಗ ಹೊಳೆಯಿತು, ಬಟ್ಟಲು ತಡೆದದ್ದು ತನ್ನ ಕೆರ. ಹೊಳೆದ ಗಳಿಗೆಯಲ್ಲೇ ಬಾಯಿ ಬೇರೆ ಹೇಳಿತು: "ಹದ್ದು ಕೂರ್ತಿತ್ತಪ್ಪ."

"ಹದ್ದು ಎಷ್ಟೊತ್ತು ಕೂತೀತು ಬಿಡು," ಎಂದವನು ಹೊರಡುವಾಗ ಎಂದಿನಂತೆ ಅವಳ ಕಾಲು ಮುಟ್ಟಿದ. ಆ ಕೆರ ಮೆಟ್ಟಿದ್ದ ಕಾಲು.

ಅವನು ಹೋದ ಮೇಲೆ, ರಾತ್ರಿಶಾಲೆಯಲ್ಲಿ ಕಲಿತ ಅಕ್ಷರದಲ್ಲಿ ಕೆರದ ಸಂಗತಿಯನ್ನು ಒಂದು ಇನ್‌ಲ್ಯಾಂಡ್ ಕಾಗದದಲ್ಲಿ ಬರೆದು ದೇವರ ಪಟದ ಹಿಂದೆ ಸಿಕ್ಕಿಸಿದ್ದಳು. ಅಂಚೆಗೆ ಹಾಕಬೇಕೆಂದಾಗಲೆಲ್ಲ ಬೆಂಗಳೂರಿನ ಮೇಷ್ಟ್ರುಗಳು ಅದನ್ನೋದಿ ಬಿದ್ದು ಬಿದ್ದು ನಗುವುದು ಕಣ್ಣಿಗೆ ಕಟ್ಟುತ್ತಿತ್ತು. ಹಾಗೇ ಸಂಕ್ರಾಂತಿಯೂ ಕಳೆಯಿತು.

ಮೊನ್ನೆ ಪಕ್ಕದ ಮನೆಯ ಜಂಪಣ್ಣ ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಹುಡುಗನನ್ನು ಕಂಡು ಬಂದಿದ್ದ. "ಯುಗಾದಿಗೆ ಸಂಶೋಧನೆ ಪುಸ್ತಕ ಒಪ್ಪಿಸ್ತಾನಂತೆ. ಐಮಂಗಲದಾಗೆ ಗಾಳಿ ಇಲ್ಲ ಅಂತ ಬರ್ದವ್ನಂತೆ! ಅಲ್ಲಕ್ಕ, ಮಾಳಿಗೆ ಮ್ಯಾಲೆ ಒಣಗಾಕಿದ ಹಪ್ಳ ಕೇಳಿದ್ರೂ ಹೇಳ್ತಿತ್ತು!"

ಮುದ್ದಕ್ಕ ಕೆರವನ್ನು ಕೆಳಗಿಟ್ಟಳು.

"ಪುಟ್ಟೀ, ಪಟದ ಹಿಂದೆ ಕಾಗದ ಐತೆ, ತಾ. ಪೆನ್ನೂ ತಾ."

ತಂದುಕೊಟ್ಟ ಸೊಸೆಗೆ ಎಲ್ಲವನ್ನೂ ಹೇಳಿದಳು. ಪುಟ್ಟಕ್ಕ ಮೊದಲು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಮೇಲೆ ನಗು ನಿಂತಿತು.

"ಅಯ್ಯೋ ಅತ್ತೆ, ಪಾಪದ ಹದ್ದಿನ ಮ್ಯಾಲೆ ಹಾಕ್ದೆಯಾ?"

"ಅದನ್ನ ಬರ್ದಿರ್ಲಿಲ್ಲ ಕಣೆ. ಕೆರ ಕಟ್ಟಿದ್ದು ಬರ್ಯಕ್ಕೆ ಕೈ ಬಂತು. ಸುಳ್ಳಾಡಿದ್ದು ಬರ್ಯಕ್ಕೆ ಬರ್ಲಿಲ್ಲ."

ಕೈ ತೊಳೆದು ಬಂದು, ಕೆಳಗೆ ಉಳಿದಿದ್ದ ಜಾಗದಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದಳು: 'ಹದ್ದು ಕೂತಿರಲಿಲ್ಲ. ನಿನಗೆ ಸುಳ್ಳು ಹೇಳಿದೆ ಮಗ. ಕಂಬ ತಂದು ಇನ್ನೊಂದು ಸಲ ನೆಡು. ಇದನ್ನು ನಿನ್ನ ಮೇಷ್ಟ್ರ ಮುಂದೆ ಓದು. ನಗಲಿ.'

ಅಂಟು ಹಚ್ಚಿ, ಹೆದ್ದಾರಿಯ ತನಕ ಬರಿಗಾಲಲ್ಲೇ ನಡೆದಳು. ಸೆರಗು ಹಾರದಂತೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಕಾಗದವನ್ನು ಕೆಂಪು ಡಬ್ಬಿಯ ಬಾಯಿಗೆ ತಳ್ಳಿದಳು. ಅದು ಒಳಗೆ ಬಿದ್ದ ಸದ್ದು ಕೇಳಿಸಿತು.